ಕಾಡಿನೊಳಗಿನ ಚುಕ್ಕಿ

ಹಕ್ಕಿ ಸತ್ತಿದೆ ಎಂದು ಗೊತ್ತಾದ ಒಂದು ಗಂಟೆಯೊಳಗೆ ವರದಿ ಹೋಗಬೇಕು. ಎಲ್ಲಿ ಬಿದ್ದಿತ್ತು, ಯಾವ ದಿನ, ಯಾವ ಹೊತ್ತು, ಏನಾಗಿ ಸತ್ತಿತು, ವಯಸ್ಸೆಷ್ಟು, ಹತ್ತಿರ ಯಾರಿದ್ದರು. ಹನ್ನೊಂದು ವರ್ಷದಿಂದ, ಡಾಕರಿನಿಂದ ದಕ್ಷಿಣಕ್ಕಿರುವ ಕಾಸಮಾನ್ಸ್ ಹೊಳೆಯ ಕಾಂಡ್ಲಾ ಕಾಡುಗಳಲ್ಲಿ ಮೊಣಕಾಲುದ್ದ ಕೆಸರು ತುಳಿದು ನಾನು ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದು ಸ್ಕಾಟ್ಲೆಂಡಿಗೆ ಕಳಿಸುತ್ತಿದ್ದೇನೆ. ಅಲ್ಲಿನ ಮೀನುಗಿಡುಗಗಳು ಮರಿಯಾಗಿರುವಾಗಲೇ ಕಾಲಿಗೆ ನೀಲಿ ಉಂಗುರ ಹಾಕಿಸಿಕೊಂಡು, ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಕಟ್ಟಿಸಿಕೊಂಡು, ಸಮುದ್ರ ಮರಳುಗಾಡು ಎಲ್ಲ ದಾಟಿ ನಮ್ಮೂರಿಗೆ ಬರುತ್ತವೆ. ಡಬ್ಬಿ ತಾನು ಎಲ್ಲಿದ್ದೇನೆಂದು ದಿನಕ್ಕೆ ಹತ್ತಾರು ಸಲ ಹೇಳುತ್ತಲೇ ಇರುತ್ತದೆ. ನಕ್ಷೆಯ ಮೇಲಿನ ಚುಕ್ಕಿ ಎರಡು ದಿನ ಕದಲದಿದ್ದರೆ ಅಲ್ಲಿ ಈ ಹಕ್ಕಿಗಳ ಲೆಕ್ಕ ಇಡುವ ಮೋರಾಗ್ ನನಗೆ ಫ್ರೆಂಚಿನಲ್ಲಿ ಮೆಸೇಜು ಹಾಕುತ್ತಾಳೆ, ಆಂಬ್ರೋಸ್, ದಯವಿಟ್ಟು ಹೋಗಿ ನೋಡು ಎಂದು.

ಊರಿನವರು ನನ್ನನ್ನು ಹಕ್ಕಿಗಳ ಪೊಲೀಸ ಎನ್ನುತ್ತಾರೆ. ಅಕ್ಕ ಓಡೀಲ್ ಅಷ್ಟೂ ಮರ್ಯಾದೆ ಕೊಡುವವಳಲ್ಲ. ಒಂದೇ ಅಂಗಳದಲ್ಲಿ ಎದುರುಬದುರು ಮನೆ ನಮ್ಮದು. ದಿನ ಬೆಳಗಾದರೆ ಅವಳ ಪ್ರಶ್ನೆ ತಯಾರಿರುತ್ತದೆ. "ಏನೋ, ನಿನ್ನ ಬಿಳಿಯರ ಕೋಳಿ ಇವತ್ತು ಯಾವ ಬೇಲಿ ಹಾರ್ತು?"

ಆ ವರ್ಷದ ಕೋಳಿ ಮೂವತ್ತೆಂಟನೇ ನಂಬರಿನದು. ಹಿಂದಿನ ಅಕ್ಟೋಬರಿನಲ್ಲಿ ಬಂದ ಮರಿ. ದೊಡ್ಡ ಹಕ್ಕಿಗಳು ವಸಂತಕ್ಕೆ ವಾಪಸು ಹೋಗುತ್ತವೆ, ಮೊದಲ ಸಲ ಬಂದ ಮರಿಗಳು ಮಾತ್ರ ಹೋಗುವುದಿಲ್ಲ. ಮುಂದಿನ ಮಳೆಗಾಲವನ್ನೂ ಇಲ್ಲೇ ಕಳೆದು ಬಲಿಯುತ್ತವೆ. ಹಾಗಾಗಿ ಆಗಸ್ಟ್ ತಿಂಗಳಲ್ಲಿ, ಹೆಂಗಸರು ಗದ್ದೆಯಲ್ಲಿ ನಾಟಿ ಹಾಕುತ್ತಿರುವಾಗ, ಮೂವತ್ತೆಂಟು ಇನ್ನೂ ನಮ್ಮ ಹೊಳೆಯಲ್ಲೇ ಮೀನು ಹಿಡಿಯುತ್ತಿತ್ತು. ಅದೇ ಆಗಸ್ಟಿನಲ್ಲಿ ನಮ್ಮೂರಿನ ಬುಕುಟ್ ಬಂತು.

ಬುಕುಟ್ ಅಂದರೆ ಗಂಡಸರ ದೀಕ್ಷೆ. ನಮ್ಮಲ್ಲಿ ಅದು ಇಪ್ಪತ್ತೆಂಟು ವರ್ಷಕ್ಕೊಮ್ಮೆ. ಕಳೆದ ಸಲ ನಾನು ಹದಿನಾರರವನು. ಅಲ್ಲಿಂದೀಚೆಗೆ ಹುಟ್ಟಿದವರೆಲ್ಲ, ಹೆಂಡತಿ ಮಕ್ಕಳಿದ್ದವರೂ ಸೇರಿ, ದೇವರಕಾಡಿಗೆ ಹೋಗಿ ಇಪ್ಪತ್ತೊಂದು ದಿನ ಇರಬೇಕು. ಡಾಕರಿನಿಂದ, ಬಾಂಜುಲಿನಿಂದ, ಒಬ್ಬಿಬ್ಬರು ಮಾರ್ಸೇಯಿಂದ ಕೂಡ ಬಂದಿದ್ದರು. ಅಕ್ಕನ ಒಬ್ಬನೇ ಮಗ ಜೆರ್ವೇಗೆ ಇಪ್ಪತ್ತನಾಲ್ಕು, ಡಾಕರಿನಲ್ಲಿ ದರ್ಜಿ. ಅಪ್ಪ ಇಲ್ಲದ ಹುಡುಗ. ಅಪ್ಪ ಇದ್ದರೂ ತಲೆ ಬೋಳಿಸಿ ಕಾಡಿನ ಬಾಯಿಗೆ ಬಿಡುವ ಹಕ್ಕು ಸೋದರಮಾವನದೇ. ಅಂಗಳದಲ್ಲಿ ಕೂರಿಸಿಕೊಂಡು ಕತ್ತಿ ಆಡಿಸುತ್ತಿದ್ದಾಗ ಅವನು ಕಿವಿ ಮುಚ್ಚಿಕೊಂಡಿದ್ದ.

"ಮಾವ, ಕೂದಲು ಎಲ್ಲಾ ತಗೋ, ಕಿವಿ ಒಂದು ಬಿಡು. ಪೆನ್ಸಿಲ್ ಸಿಗಿಸ್ಕೊಳ್ಳೋಕೆ ಬೇಕು."

ಅಕ್ಕ ನಕ್ಕಳು. ಅಂದು ಸಂಜೆ ಅವನ ಕೈ ಹಿಡಿದು ಕಾಡಿನ ಅಂಚಿನವರೆಗೆ ಕರೆದೊಯ್ದವನು ನಾನು. ಒಳಗೆ ಹೋಗುವಾಗ ಅವನು ತಿರುಗಿ ನೋಡಲಿಲ್ಲ. ನೋಡಬಾರದು ಎಂದು ನಾನೇ ಹೇಳಿಕೊಟ್ಟಿದ್ದೆ.

ಕಾಡಿನ ನಿಯಮಗಳು ಹೆಚ್ಚೇನಿಲ್ಲ. ಹೆಂಗಸರು ಹತ್ತಿರ ಸುಳಿಯಬಾರದು. ಒಳಗಿನ ವಸ್ತು ಹೊರಗೆ ಬರಬಾರದು, ಒಳಗಿನ ಮಾತೂ ಬರಬಾರದು. ಯಾರಾದರೂ ಒಳಗೆ ಸತ್ತರೆ ಸತ್ತ ಎನ್ನುವುದಿಲ್ಲ, ಕಾಡಿನಲ್ಲಿ ಉಳಿದ ಎನ್ನುತ್ತೇವೆ. ತಾಯಿಗೆ ಅದು ತಿಳಿಯುವುದು ಎಲ್ಲರೂ ಹೊರಬರುವ ದಿನವೇ. ಅಲ್ಲಿಯವರೆಗೆ ಅವಳು ದಿನಾ ಅಡುಗೆ ಮಾಡಿ ಕಳಿಸುತ್ತಿರಬೇಕು, ಪಾತ್ರೆ ಖಾಲಿಯಾಗಿ ಹಿಂದಿರುಗುತ್ತಿರಬೇಕು. ನಡುವೆ ಒಬ್ಬ ತಾಯಿ ಅತ್ತರೂ ಒಳಗಿರುವ ಬೇರೆ ಮಕ್ಕಳ ದೀಕ್ಷೆಯ ಗಾಯ ಮಾಯುವುದಿಲ್ಲ. ನಾನು ಓದಿದವನು, ಉಪಗ್ರಹದ ಲೆಕ್ಕ ಅರ್ಥವಾಗುವವನು, ಆದರೂ ಇದನ್ನು ನಂಬುತ್ತೇನೆ. ನಗುವವರು ನಗಲಿ. ಮಾತು ಹೊರಗೆ ಹಾಕಿದವನನ್ನು ಊರು ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅವನ ಒಲೆಯಿಂದ ಬೆಂಕಿ ತರುವುದಿಲ್ಲ, ಅವನ ಹೆಣಕ್ಕೆ ಹೆಗಲು ಕೊಡುವುದಿಲ್ಲ, ಅಷ್ಟೆ. ಕಳೆದ ಬುಕುಟ್‌ನಲ್ಲಿ ಬಾಯಿಬಿಟ್ಟ ಒಬ್ಬ ಇವತ್ತಿಗೂ ಹೊಳೆಯಾಚೆ ಗುಡಿಸಲಲ್ಲಿ ಒಬ್ಬನೇ ಇದ್ದಾನೆ.

ಒಂಬತ್ತನೆಯ ದಿನ ಬೆಳಿಗ್ಗೆ ಮೋರಾಗ್‌ಳ ಮೆಸೇಜು ಬಂತು. ಮೂವತ್ತೆಂಟು ಎರಡು ದಿನದಿಂದ ಕದಲಿಲ್ಲ. ಅದು ಹುಟ್ಟಿ ಬೆಳೆದ ಊರಿನ ಶಾಲೆಯ ಮಕ್ಕಳು ಗೋಡೆಯ ನಕ್ಷೆಯಲ್ಲಿ ದಿನಾ ಗುಂಡುಪಿನ್ನು ಚುಚ್ಚುತ್ತಿದ್ದಾರೆ, ಕೇಳುತ್ತಿದ್ದಾರೆ. ಜೊತೆಗೆ ನಕ್ಷೆಯ ಚಿತ್ರವಿತ್ತು. ಚುಕ್ಕಿ ಕೂತಿದ್ದು ಗದ್ದೆಗಳ ನಡುವಿನ ಒಂದು ಹಸಿರು ತುಂಡಿನ ಮೇಲೆ. ಆ ಹಸಿರು ಏನೆಂದು ಮೋರಾಗ್‌ಗೆ ಗೊತ್ತಿಲ್ಲ, ಅವಳ ಕಣ್ಣಿಗೆ ಅದೊಂದು ಮರಗಳ ಗುಂಪು.

ಹೋಗದೆ ಇರಬಹುದಿತ್ತು. ಡಬ್ಬಿ ಕೆಟ್ಟಿದೆ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಒಂದೂ ಸುಳ್ಳು ವರದಿ ಕಳಿಸಿಲ್ಲ ಎಂಬ ಜಂಭ ನನಗಿತ್ತು. ತಾಳೆ ಹೆಂಡದ ಬುರುಡೆ ಹಿಡಿದು ಕಾಡಿನ ಕಾವಲಿನ ಹಿರಿಯ ಬಾಸೇನ್ ಅಜ್ಜನ ಹತ್ತಿರ ಹೋದೆ. ನಾನು ಹೇಳಿದ್ದನ್ನು ಕೇಳಿ ಅವರು ಹೆಂಡದ ನೊರೆ ನೋಡುತ್ತಲೇ ಹೇಳಿದರು.

"ಹಕ್ಕಿ ತಾನೇ. ಇನ್ನು ಹನ್ನೆರಡು ದಿನ ಕಳೀಲಿ, ಆಮೇಲೆ ನೋಡ್ಕೊಂಡ್ರಾಯ್ತು."

"ಅಜ್ಜಾ, ಬದುಕಿದ್ರೆ ಬಿಡಿಸ್ಬೇಕಲ್ಲ. ನಾನೂ ಒಳಗೆ ಹೋಗಿ ಬಂದವನೇ. ಹೋಗೋಕೆ ನನಗೆ ಅಡ್ಡಿ ಇಲ್ಲ."

"ಹೋಗೋಕೆ ಅಡ್ಡಿ ಇಲ್ಲ ಕಣೋ," ಎಂದರು. "ಬರೋದು ಕಷ್ಟ." ಆದರೂ ನೆಲಕ್ಕೆ ಹೆಂಡ ಸುರಿದು ಎದ್ದರು.

ಹಕ್ಕಿ ದೊಡ್ಡ ಬೂರುಗದ ಮರದ ಕೊಂಬೆಯಿಂದ ತಲೆಕೆಳಗಾಗಿ ನೇತಾಡುತ್ತಿತ್ತು. ಯಾರೋ ಕಡಿದು ಬಿಸಾಕಿದ ಬಲೆಯ ನೈಲಾನ್ ದಾರ ಅದರ ಕಾಲಿಗೆ ಸುತ್ತಿಕೊಂಡಿತ್ತು. ಆ ದಾರ ಕೊಂಬೆಗೆ ಸಿಕ್ಕಿಕೊಂಡಿತ್ತು. ಗಾಳಿಗೆ ತಿರುಗುವಾಗ ಬೆನ್ನಿನ ಡಬ್ಬಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಉದ್ದ ಗಳದಿಂದ ಇಳಿಸಿದೆವು. ಹಗುರಾಗಿತ್ತು. ಉಂಗುರದ ನಂಬರು ಓದಲು ಮಂಡಿಯೂರಿದಾಗ ಪಕ್ಕದಲ್ಲಿ ಹೊಸ ಮಣ್ಣು ಕಾಣಿಸಿತು. ಆಳುದ್ದದ ದಿಬ್ಬ. ಮೇಲೆ ಹಸಿ ತಾಳೆಗರಿ ಹೊದಿಸಿದ್ದರು.

ನಾನು ಬಾಸೇನ್ ಅಜ್ಜನ ಮುಖ ನೋಡಿದೆ.

"ನೋಡ್ಬಾರದಿತ್ತು, ನೋಡ್ದೆ," ಎಂದರು. "ನಿನ್ನವನೇ. ಅಕ್ಕನ ಮಗ."

"ಯಾವಾಗ?"

"ಮೊನ್ನೆ ನಸುಕಿಗೆ. ಮೂರು ದಿನ ಜ್ವರ. ದೋಣಿ ಕಟ್ಟಿ ಆಸ್ಪತ್ರೆಗೆ ಸಾಗಿಸೋಣ ಅಂತಿದ್ವಿ, ಅಷ್ಟರಲ್ಲಿ ಉಳಿದ."

ಮೂರು ದಿನ ಯಾಕೆ ಕಾದಿರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹಕ್ಕಿಯನ್ನೂ ಡಬ್ಬಿಯನ್ನೂ ಅಲ್ಲೇ ಹುಗಿದೆವು, ಏಕೆಂದರೆ ಕಾಡಿನದು ಕಾಡಿಗೆ. ಹೊರಡುವಾಗ ಅಜ್ಜ ನನ್ನ ಬಾಯಿಯ ಮೇಲೆ ತಮ್ಮ ಅಂಗೈ ಇಟ್ಟು ಒತ್ತಿದರು.

ಗದ್ದೆಯ ಬದುವಿನ ಮೇಲೆ ನಿಂತು ವರದಿ ಕಳಿಸಿದೆ. ಒಂದು ಗಂಟೆಯೊಳಗೆ ಕಳಿಸಿದೆ. ಮನೆಗೆ ಬಂದಾಗ ಅಕ್ಕ ಅಂಗಳದಲ್ಲಿ ಪುಂಡಿ ಸೊಪ್ಪು ಬಿಡಿಸುತ್ತಿದ್ದಳು.

"ಸಿಕ್ತಾ ನಿನ್ನ ಕೋಳಿ?"

"ಸತ್ತಿದೆ."

ಅವಳ ಕೈ ನಿಂತಿತು. "ಪಾಪ. ಅಷ್ಟು ದೂರದಿಂದ ಬಂದು. ಅವರಿಗೆ ಹೇಳಿದ್ಯಾ?"

"ಹೇಳ್ದೆ."

"ಒಳ್ಳೇದಾಯ್ತು ಬಿಡು. ಗೊತ್ತಿಲ್ದೆ ಕಾಯ್ತಾ ಕೂರೋದಿದ್ಯಲ್ಲ, ಅದು ಯಾರಿಗೂ ಬೇಡ." ಮತ್ತೆ ಸೊಪ್ಪು ಬಿಡಿಸತೊಡಗಿದಳು. ತಲೆ ಎತ್ತದೆಯೇ, "ಒಳಗೆ ಹೋಗಿದ್ದೆ ನೀನು. ಕೇಳಬಾರದು, ಗೊತ್ತು. ಕೇಳ್ತಿಲ್ಲ. ಸೊಪ್ಪಿನ ಸಾರಿಗೆ ಹುಳಿ ಜಾಸ್ತಿ ಆಗ್ತಿದ್ಯೇನೋ ಅಂತ ಅಷ್ಟೇ. ಅವನಿಗೆ ಚಿಕ್ಕಂದಿನಿಂದ ಹುಳಿ ಆಗಲ್ಲ."

"ಸರಿಯಾಗೇ ಇದೆ ಅಕ್ಕ."

ಅಂದಿನಿಂದ ಆ ಅನ್ನ ನನ್ನ ಪಾಲಿಗೆ ಬಂತು. ವಿಷಯ ಗೊತ್ತಾದ ಮೇಲೆ ಕಾಡಿನಲ್ಲಿ ಉಳಿದವನ ಪಾತ್ರೆಯನ್ನು ಖಾಲಿ ಮಾಡುವವನೂ ಸೋದರಮಾವನೇ, ಅಲ್ಲಿಯವರೆಗೆ ಕಾವಲಿನವರು. ದಿನಾ ಇಳಿಹೊತ್ತಿಗೆ ಅಕ್ಕ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಕೊಡುತ್ತಿದ್ದಳು, ನಾನು ಹೊತ್ತುಕೊಂಡು ಹೋಗಿ ಕಾಡಿನ ಅಂಚಿನ ಗೋಡಂಬಿ ಮರಗಳ ಹಿಂದೆ ಕೂತು ತಿನ್ನುತ್ತಿದ್ದೆ. ಮೀನಿನ ಹೊಟ್ಟೆಯ ಭಾಗ, ಮುಳ್ಳಿಲ್ಲದ್ದು, ಅವನಿಗೆಂದೇ ಆರಿಸಿ ಮೇಲಿಟ್ಟಿರುತ್ತಿದ್ದಳು. ಗಂಟಲಿಗೆ ಇಳಿಯದಿದ್ದರೂ ನೀರು ಕುಡಿದು ಇಳಿಸುತ್ತಿದ್ದೆ. ಉಳಿಸಿದರೆ ನಾಳೆ ಅವಳು ಕೇಳುತ್ತಾಳೆ, ಯಾಕೆ ಸೇರಲಿಲ್ಲ ಎಂದು. ಖಾಲಿ ಪಾತ್ರೆ ನೋಡಿ ಅವಳಿಗೆ ಖುಷಿ. "ನಗರದ ತೂಕ ಇಳಿದು ಊರಿನ ಹಸಿವು ಬಂದಿದೆ ಅವನಿಗೆ," ಎಂದು ಪಕ್ಕದ ಮನೆಯ ಫಿಲೋಮೆನ್‌ಗೆ ಹೇಳುವುದನ್ನು ಕೇಳಿಸಿಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹನ್ನೆರಡನೆಯ ದಿನ ಮೋರಾಗ್ ಬರೆದಳು. ವರದಿ ತಲುಪಿದೆ, ಮಕ್ಕಳು ಅತ್ತರು, ಅವರ ಶಿಕ್ಷಕಿ ಆ ದಿನ ಪಾಠ ಬಿಟ್ಟು ಎಲ್ಲರನ್ನೂ ಹೊಳೆಯ ದಡಕ್ಕೆ ಕರೆದುಕೊಂಡು ಹೋದಳಂತೆ. ಕೊನೆಯಲ್ಲಿ ಒಂದು ಸಾಲು. ವಯಸ್ಸು ಎಂಬಲ್ಲಿ ಇಪ್ಪತ್ತನಾಲ್ಕು ಎಂದು ಬರೆದಿದ್ದೀಯ, ಹಕ್ಕಿಗೆ ಒಂದು ವರ್ಷ ತಾನೇ? ಆಂಬ್ರೋಸ್, ನೀನು ಚೆನ್ನಾಗಿದ್ದೀಯಾ?

ನಾನು ದೋಣಿಯ ಅಂಚಿನ ಮೇಲೆ ಕೂತಿದ್ದೆ. ನೀನು ಚೆನ್ನಾಗಿದ್ದೀಯಾ ಎಂದು ನಾಲ್ಕು ದಿನದಲ್ಲಿ ಯಾರೂ ಕೇಳಿರಲಿಲ್ಲ. ಯಾರಿಗೂ ಕೇಳಲು ಕಾರಣವಿರಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಎಲ್ಲ ಬರೆದೆ. ಅಕ್ಕನ ಮಗ, ಜ್ವರ, ಬೂರುಗದ ಮರ, ನಾನು ತಿನ್ನುತ್ತಿರುವ ಅನ್ನ. ಬರೆದದ್ದು ಸಮುದ್ರ ದಾಟಿ ಹೋಯಿತು. ಅಷ್ಟು ದೂರ ಹೋದ ಮಾತು ಕಾಡಿಗೆ ಸಂಬಂಧಿಸಿದ್ದಲ್ಲ ಎನಿಸಿತು. ಅಂದು ಚೆನ್ನಾಗಿ ನಿದ್ದೆ ಬಂತು, ಅದನ್ನೂ ಹೇಳಿಬಿಡುತ್ತೇನೆ.

ತಾಯಿಗೆ ಹೇಳಬೇಡ ಎಂದು ನಾನು ಬರೆಯಲಿಲ್ಲ. ಮರೆತದ್ದಲ್ಲ. ಬರೆಯಬೇಕೆಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ತಾಯಿಗೆ ಮೊದಲೇ ಸುದ್ದಿ ಮುಟ್ಟಿಸುವ ಮನುಷ್ಯರು ಭೂಮಿಯ ಮೇಲಿದ್ದಾರೆ, ಅವರು ಅದನ್ನು ಒಳ್ಳೆಯ ಕೆಲಸವೆಂದೇ ಮಾಡುತ್ತಾರೆ ಎಂಬುದು ನನ್ನ ತಲೆಗೆ ಬರುವ ವಿಷಯವೇ ಅಲ್ಲ. ಮೋರಾಗ್ ಎರಡು ಚಳಿಗಾಲ ಅಕ್ಕನ ಮನೆಯಲ್ಲಿ ಉಂಡು ಮಲಗಿದವಳು. ನಾನು ಕಾಂಡ್ಲಾ ಕಾಡಿನಲ್ಲಿದ್ದು ಫೋನು ಸತ್ತಿದ್ದರೆ ಅಕ್ಕನ ಫೋನಿಗೆ ಹಾಕುವುದು ಅವಳ ರೂಢಿ. ನಂಬರು ಅವಳ ಬಳಿ ಇತ್ತು.

ಹದಿನೈದನೆಯ ದಿನ, ಬೆಳಗಿನ ಒಂಬತ್ತು ಗಂಟೆಯಿರಬಹುದು, ಅಕ್ಕ ಒದ್ದೆ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಳ್ಳುತ್ತಾ ಫೋನು ತಂದು ನನ್ನ ಮುಂದೆ ಹಿಡಿದಳು. ಅವಳಿಗೆ ಓದು ಬಾರದು.

"ನಿನ್ನ ಮೋರಾಗ್ ಏನೋ ಉದ್ದಕ್ಕೆ ಬರೆದಿದ್ದಾಳೆ. ಇನ್ನೊಂದು ಕೋಳಿ ಕಳ್ಕೊಂಡ್ಲಾ? ಓದು."

ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ. 'ಪ್ರೀತಿಯ ಓಡೀಲ್, ಜೆರ್ವೇ ಹೋದ ಸುದ್ದಿಯನ್ನು ಆಂಬ್ರೋಸ್ ಬರೆದ.'

"ಏನಂತೆ?"

"ಹಕ್ಕಿ ಬಗ್ಗೆ. ಮಕ್ಕಳು ಅತ್ತರಂತೆ," ಎಂದೆ. "ಹೊಳೆ ದಡಕ್ಕೆ ಕರ್ಕೊಂಡು ಹೋಗಿದ್ರಂತೆ. ನಿನಗೆ ನಮಸ್ಕಾರ ಹೇಳಿದ್ದಾಳೆ. ಬರೋ ಚಳಿಗಾಲಕ್ಕೆ ಬರ್ತಾಳಂತೆ."

ಅಕ್ಕ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪರದೆಯ ಮೇಲೆ ಬೆರಳಿಟ್ಟಳು. ಮೊದಲ ಸಾಲಿನಲ್ಲಿ ಒಂದು ಕಡೆ, ಕೆಳಗೆ ಇನ್ನೊಂದು ಕಡೆ, ಮತ್ತೂ ಕೆಳಗೆ ಮತ್ತೊಂದು.

"ಇದು ನನ್ನ ಮಗನ ಹೆಸರು. ಡಾಕರಿಂದ ಬರೋ ಪಾರ್ಸೆಲ್ ಮೇಲೆ ಇದೇ ಇರುತ್ತೆ. ಇದೊಂದು ನನಗೆ ಓದೋಕೆ ಬರುತ್ತೆ. ಮೂರು ಸಲ ಇದೆ. ನೀನು ಒಂದು ಸಲಾನೂ ಹೇಳಲಿಲ್ಲ."

ನಾನು ಪರದೆಯ ಮೇಲೆ ಅಂಗೈ ಮುಚ್ಚಿದೆ.

"ಅಲ್ಲಿ ಬರೆದಿರೋದನ್ನ ಓದು ಆಂಬ್ರೋಸ್. ನೀನು ಕಟ್ಟೋದನ್ನ ಅಲ್ಲ."

ಓದಿದೆ. ಮೋರಾಗ್ ಬರೆದಿದ್ದು ಒಳ್ಳೆಯ ಮಾತುಗಳೇ. ತನ್ನ ಮಳೆ ಅಂಗಿಯ ಹರಿದ ಜೇಬನ್ನು ಜೆರ್ವೇ ಹೊಲಿದುಕೊಟ್ಟಿದ್ದ, ಅದೇ ಅಂಗಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ, ಆ ಹೊಲಿಗೆ ಇನ್ನೂ ಬಿಟ್ಟಿಲ್ಲ ಎಂದಿದ್ದಳು. ಅದನ್ನು ನಮ್ಮ ಜೋಲಾ ಮಾತಿಗೆ ತಿರುಗಿಸುವಾಗ ಎರಡು ಕಡೆ ಓದು ನಿಲ್ಲಿಸಿ ಮತ್ತೆ ಶುರುಮಾಡಿದೆ. ಮುಗಿದ ಮೇಲೆ ಅಕ್ಕ ಒಂದೊಂದಾಗಿ ಕೇಳಿದಳು.

"ಯಾವ ದಿನ?"

"ಏಳನೇ ದಿನ."

"ಯಾವ ಹೊತ್ತು?"

"ನಸುಕಿಗೆ."

"ಏನಾಗಿತ್ತು?"

"ಜ್ವರ."

"ಎಲ್ಲಿಟ್ಟಿದ್ದಾರೆ?"

"ದೊಡ್ಡ ಬೂರುಗದ ಬುಡದಲ್ಲಿ. ಮೇಲೆ ಗರಿ ಹೊದಿಸಿದ್ದಾರೆ."

"ಹತ್ತಿರ ಯಾರಿದ್ರು?"

"ಗೊತ್ತಿಲ್ಲ ಅಕ್ಕ. ನಾನು ಕೇಳಲಿಲ್ಲ."

"ಹಕ್ಕಿ ಹತ್ತಿರ ಯಾರಿದ್ರು ಅಂತ ಕೇಳಿ ಬರ್ಕೊಳ್ತೀಯ," ಎಂದಳು. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಆಮೇಲೆ, "ಅನ್ನ ಯಾರು ತಿಂತಿದ್ರು?"

"ನಾನು."

ಅವಳು ಬಹಳ ಹೊತ್ತು ನನ್ನ ಹೊಟ್ಟೆಯನ್ನು ನೋಡಿದಳು. ಒಲೆಯ ಮೇಲೆ ಅಕ್ಕಿ ಉಕ್ಕಿ ಬೆಂಕಿಗೆ ಸುರಿಯಿತು. ಎದ್ದು ಹೋಗಿ ಮುಚ್ಚಳ ಸರಿಸಿ ಬಂದಳು.

"ಇನ್ನೆಷ್ಟು ದಿನ?"

"ಆರು."

"ಅದನ್ನ ಅಳಿಸು." ಫೋನಿನಿಂದ ಮೆಸೇಜು ಅಳಿಸಿ ತೋರಿಸಿದೆ. "ನೀನು ಓದಿಲ್ಲ, ನಾನು ಕೇಳಿಲ್ಲ. ನಾನು ಅತ್ತರೆ ಫಿಲೋಮೆನ್‌ಗೆ ಕೇಳ್ಸುತ್ತೆ. ಅವಳ ಮಕ್ಕಳು ಇಬ್ಬರೂ ಒಳಗಿದ್ದಾರೆ. ನಿನ್ನನ್ನೂ ಹೊಳೆಯಾಚೆ ಅಟ್ಟುತ್ತಾರೆ. ಇರೋ ಒಬ್ಬ ತಮ್ಮನ್ನೂ ನಾನು ಕಳ್ಕೋಬೇಕಾ?"

"ಅಕ್ಕ, ನಾನು—"

"ಸುಮ್ನಿರು. ಮೀನು ತೊಳ್ಕೊಡು."

ಆ ಆರು ದಿನ ಅವಳು ಬದುಕಿದ ರೀತಿಯನ್ನು ನಾನು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಎಲ್ಲರ ಜೊತೆ ನಾಟಿಗೆ ಇಳಿದಳು, ಎಲ್ಲರ ಜೊತೆ ಹಾಡಿದಳು. ಹೊರಬರುವ ದಿನಕ್ಕೆ ಹೆಂಗಸರೆಲ್ಲ ಉಡುವ ಒಂದೇ ಬಣ್ಣದ ಬಟ್ಟೆಗೆ ಅಂಚು ಹಾಕಿದಳು. ಮಗ ಬಂದ ಮೇಲೆ ಏನು ಅಡುಗೆ ಎಂದು ಫಿಲೋಮೆನ್ ಕೇಳಿದರೆ ಹಂದಿ ಕೊಯ್ಯಿಸುತ್ತೇನೆ ಎಂದಳು. ಪಾತ್ರೆ ಕಟ್ಟಿ ಕೊಡುವಾಗ ಮಾತ್ರ ನನ್ನ ಕಣ್ಣು ನೋಡುತ್ತಿರಲಿಲ್ಲ. ಹೊಟ್ಟೆಯ ಭಾಗ ಈಗಲೂ ಮೇಲೇ ಇರುತ್ತಿತ್ತು. ಮೂರನೆಯ ದಿನ ನಾನು ಅರ್ಧ ಉಳಿಸಿ ತಂದೆ, ಆಗಲಿಲ್ಲ ನನಗೆ. ಅವಳು ಮುಚ್ಚಳ ತೆಗೆದು ನೋಡಿ, "ಖಾಲಿ ಮಾಡ್ಕೊಂಡು ಬಾ. ಅವನದ್ದು," ಎಂದು ವಾಪಸು ಕಳಿಸಿದಳು.

ಇಪ್ಪತ್ತೊಂದನೆಯ ದಿನ ಊರಿಗೆ ಊರೇ ಕಾಡಿನ ಮುಂದಿನ ಬಯಲಿನಲ್ಲಿ ನೆರೆಯಿತು. ತಾಯಂದಿರು ಮುಂದಿನ ಸಾಲಿನಲ್ಲಿ. ಡೋಲು ಶುರುವಾಯಿತು, ಕೋವಿ ಹಾರಿಸಿದರು, ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ಹೊರಬಂದರು. ಒಬ್ಬೊಬ್ಬ ತಾಯಿಯೂ ತನ್ನವನನ್ನು ಗುರುತಿಸಿ ಹೆಸರು ಕೂಗುತ್ತಿದ್ದಳು. ಫಿಲೋಮೆನ್‌ಳ ಇಬ್ಬರೂ ಬಂದರು. ಸಾಲು ಮುಗಿಯಿತು. ಆಮೇಲೆ ಡೋಲು ನಿಂತು, ಬಾಸೇನ್ ಅಜ್ಜ ಕೈಯಲ್ಲಿ ಎರಡು ತಾಳೆಗರಿ ಹಿಡಿದು ಬಂದರು. ಆ ವರ್ಷ ಉಳಿದವರು ಇಬ್ಬರು.

ಮೊದಲನೆಯ ಗರಿ ಕೆಳಕೇರಿಯ ಒಬ್ಬ ತಾಯಿಯದು. ಅದು ನೆಲ ಮುಟ್ಟುವ ಮೊದಲೇ ಅವಳು ಚೀರಿ ಬಿದ್ದಳು. ಎರಡನೆಯದನ್ನು ಅಜ್ಜ ಅಕ್ಕನ ಪಾದದ ಮುಂದೆ ಇಟ್ಟರು.

ಅಕ್ಕ ನಿಂತೇ ಇದ್ದಳು. ಗರಿಯನ್ನು ನೋಡಿದಳು. ಅಳಲಿಲ್ಲ, ಕೂಗಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆರು ದಿನ ಒತ್ತಿಟ್ಟುಕೊಂಡದ್ದು ಈಗ ಬಾ ಎಂದರೆ ಎಲ್ಲಿ ಬಂದೀತು. ಅವಳ ಹೆಗಲ ಮೇಲಿದ್ದ ಫಿಲೋಮೆನ್‌ಳ ಕೈ ಮೆಲ್ಲಗೆ ಹಿಂದೆ ಸರಿಯಿತು. ಹಿಂದಿನ ಸಾಲಿನಲ್ಲಿ ಯಾರೋ ತಗ್ಗಿದ ದನಿಯಲ್ಲಿ ಹೇಳಿದರು, "ಇವಳಿಗೆ ಗೊತ್ತಿತ್ತು." ಬಾಸೇನ್ ಅಜ್ಜ ತಲೆ ಎತ್ತಿ ಮೊದಲು ಅವಳನ್ನು ನೋಡಿದರು, ಆಮೇಲೆ ನನ್ನನ್ನು. ಆ ಇಪ್ಪತ್ತೊಂದು ದಿನದ ನಡುವೆ ಒಳಗೆ ಹೋಗಿ ಬಂದವನು ನಾನೊಬ್ಬನೇ. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗುವುದು ಕಾಣುತ್ತಿತ್ತು.

ಅಕ್ಕನೂ ತಿರುಗಿದಳು. ಚಿಕ್ಕಂದಿನಲ್ಲಿ ನಾನು ಏನಾದರೂ ಒಡೆದು ಹಾಕಿದಾಗ, ಅಮ್ಮನ ಹತ್ತಿರ ತಾನೇ ಒಡೆದದ್ದು ಎಂದು ಹೇಳಿ ತಪ್ಪು ಹೊತ್ತುಕೊಳ್ಳುವ ಮೊದಲು, ಅವಳು ಹೀಗೇ ಒಮ್ಮೆ ನನ್ನನ್ನು ನೋಡುತ್ತಿದ್ದಳು.

ಬಾಯಿ ತೆರೆದು ಕೂಗಿದಳು. ಅಷ್ಟು ದೊಡ್ಡ ಕೂಗನ್ನು ನಾನು ಎಂದೂ ಕೇಳಿಲ್ಲ. ನೆಲಕ್ಕೆ ಕುಸಿದು ಗರಿಯನ್ನು ಎದೆಗೆ ಒತ್ತಿಕೊಂಡು ಮಗನ ಹೆಸರು ಹಿಡಿದು ಕರೆದಳು. ಫಿಲೋಮೆನ್ ಬಾಗಿ ಅವಳನ್ನು ತಬ್ಬಿದಳು, ಹೆಂಗಸರೆಲ್ಲ ಸುತ್ತಿಕೊಂಡರು. ಬಾಸೇನ್ ಅಜ್ಜನ ಕಣ್ಣು ನನ್ನ ಮೇಲಿಂದ ಸರಿಯಿತು.

ಆ ಮೊದಲ ಕೂಗು ಜೆರ್ವೇಗಾಗಿ ಹಾಕಿದ್ದಲ್ಲ. ನನಗಾಗಿ ಹಾಕಿದ್ದು. ಮಗನಿಗೆ ಸಲ್ಲಬೇಕಾದದ್ದನ್ನು ಅವಳು ನನ್ನ ತಲೆ ಕಾಯಲು ಖರ್ಚು ಮಾಡಿದಳು, ನಾನು ನಿಂತು ಅದನ್ನು ತೆಗೆದುಕೊಂಡೆ. ಆಮೇಲೆ ಯಾವ ಗಳಿಗೆಯಲ್ಲಿ ಅದು ನಿಜವಾದ ಅಳುವಾಯಿತು ಎಂದು ನನಗೆ ತಿಳಿಯಲಿಲ್ಲ. ಹೆಂಗಸರನ್ನು ಸರಿಸಿಕೊಂಡು ಹೋಗಿ ಅವಳ ತೋಳು ಹಿಡಿದು ಎಬ್ಬಿಸಿದೆ. ಆ ದಿನ ತಾಯಿಯನ್ನು ಮನೆಗೆ ಕರೆದೊಯ್ಯಬೇಕಾದವನು ಸೋದರಮಾವ.